ಅಪ್ಪನ ಪದ್ಮಿನಿಯನ್ನು ನಾನೇ ಬಿಚ್ಚಬಹುದೇ?

ಪ್ರಶ್ನೆ: ನಾನು ಬಾಗಲಕೋಟೆಯ ವಿದ್ಯಾಗಿರಿಯವಳು, ಬ್ಯಾಂಕಿನಲ್ಲಿ ಕೆಲಸ. ಅಪ್ಪ 1986ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಮನೆಯ ಪಕ್ಕದ ಶೆಡ್ಡಿನಲ್ಲಿ ಎಂಟು ವರ್ಷದಿಂದ ನಿಂತಿದೆ. ಪ್ರತಿ ವರ್ಷ ಖಂಡೆ ಪೂಜೆಗೆ (ಆಯುಧ ಪೂಜೆಗೆ) ಅದಕ್ಕೊಂದು ಹಾರ ಹಾಕುತ್ತೇವೆ, ಅಷ್ಟೆ. ಅಪ್ಪನಿಗೆ ಈಗ 78, ಕಣ್ಣು ಮಂಜಾಗಿದೆ. ಗುಜರಿಯವರು ಬಂದು ಕೇಳುತ್ತಿದ್ದಾರೆ, ನನಗೆ ಕೊಡಲು ಮನಸ್ಸಿಲ್ಲ. ಸ್ಕೂಟರಿನ ಪ್ಲಗ್ ಬದಲಿಸಲು ಬರುತ್ತದೆ, ಅದಕ್ಕಿಂತ ಜಾಸ್ತಿ ಗೊತ್ತಿಲ್ಲ. ಭಾನುವಾರ ಮಾತ್ರ ಪುರುಸೊತ್ತು. ನಾನೇ ರಿಪೇರಿ ಮಾಡಬಹುದೇ? ಈ ಭಾನುವಾರ ಹೊಸ ಬ್ಯಾಟರಿ ಹಾಕಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಲೇ?

ಉತ್ತರ: ತಂಗಿ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಅದಕ್ಕೆ ಅವಸರ ಇದೆ. ಬೇಡ. ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯಬೇಡಿ.

ಎಂಟು ವರ್ಷ ನಿಂತ ಇಂಜಿನ್ನಿನಲ್ಲಿ ಎಣ್ಣೆಯೆಲ್ಲ ಕೆಳಗಿನ ಚೇಂಬರಿಗೆ ಇಳಿದಿರುತ್ತದೆ. ಸಿಲಿಂಡರಿನ ಗೋಡೆ ಒಣಗಿರುತ್ತದೆ. ಅದರ ಮೇಲೆ ತೆಳ್ಳಗೆ ತುಕ್ಕು ಕೂತಿರಬಹುದು, ಪಿಸ್ಟನ್ ರಿಂಗುಗಳು ಅಲ್ಲೇ ಹಿಡಿದುಕೊಂಡಿರಬಹುದು. ಹಾಗೇ ಸೆಲ್ಫ್ ಹೊಡೆದರೆ ರಿಂಗ್ ಮುರಿಯುತ್ತದೆ, ಇಲ್ಲವೇ ಬೋರಿನಲ್ಲಿ, ಅಂದರೆ ಸಿಲಿಂಡರಿನ ಒಳಗೋಡೆಯಲ್ಲಿ, ಗೀರು ಬೀಳುತ್ತದೆ. ಟ್ಯಾಂಕಿನಲ್ಲಿರುವ ಪೆಟ್ರೋಲ್ ಈಗ ಪೆಟ್ರೋಲ್ ಆಗಿ ಉಳಿದಿಲ್ಲ. ಮುಚ್ಚಳ ತೆಗೆದು ಮೂಸಿ ನೋಡಿ, ಹಳೇ ವಾರ್ನಿಷ್ ವಾಸನೆ ಬರುತ್ತದೆ. ಆ ಅಂಟು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿಗೆ ಹೋದರೆ ಅದರ ಜೆಟ್ಟುಗಳು, ಅಂದರೆ ಪೆಟ್ರೋಲ್ ಹೋಗುವ ಸಣ್ಣ ತೂತುಗಳು, ಮುಚ್ಚಿಹೋಗುತ್ತವೆ. ಇನ್ನೂ ದೊಡ್ಡ ಮಾತು: ಅಕಸ್ಮಾತ್ ಸ್ಟಾರ್ಟ್ ಆಗಿಯೇ ಬಿಟ್ಟಿತು ಅನ್ನಿ. ಖುಷಿಯಲ್ಲಿ ಗೇರ್ ಹಾಕುತ್ತೀರಿ. ಬ್ರೇಕ್ ಇರುತ್ತದೆಯೇ? ಇರುವುದಿಲ್ಲ.

ಈಗ ಮೊದಲ ಪ್ರಶ್ನೆ. ನೀವೇ ಮಾಡಬಹುದೇ? ಖಂಡಿತ ಮಾಡಬಹುದು. ನಿಮ್ಮಂಥವರು ಮಾಡಬೇಕು ಅಂತಲೇ ನನ್ನ ಆಸೆ. ಬೆಳಗಾವಿಯ ಟಿಳಕವಾಡಿಯಲ್ಲಿ ಮೂವತ್ತೈದು ವರ್ಷದಿಂದ ಹಳೇ ಕಾರುಗಳ ಕೆಲಸ ಮಾಡುತ್ತಿದ್ದೇನೆ. ಕಲಿಯುವವರಿಗೆ ಪದ್ಮಿನಿಗಿಂತ ಒಳ್ಳೆಯ ಕಾರು ನಾನು ಕಂಡಿಲ್ಲ. ಇದು ಇಟಲಿಯ ಫಿಯೆಟ್ 1100ರ ನಮ್ಮ ದೇಶದ ರೂಪ. ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ 1964ರಿಂದ ಬಂತು, 1974ರಲ್ಲಿ ಪದ್ಮಿನಿ ಅಂತ ಹೆಸರಾಯಿತು, 2000ದ ಆಸುಪಾಸಿನವರೆಗೆ ಹೆಚ್ಚು ಬದಲಾಗದೆ ಬಂತು. ಆ ಕಂಪನಿ ಕಟ್ಟಿದ ವಾಲಚಂದ ಹಿರಾಚಂದ ಅವರು ಹುಟ್ಟಿದ್ದು ನಿಮ್ಮ ಕಡೆಯ ಸೊಲ್ಲಾಪುರದಲ್ಲಿ. 1089 ಸಿಸಿಯ ನಾಲ್ಕು ಸಿಲಿಂಡರಿನ ಇಂಜಿನ್. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಎಲ್ಲದಕ್ಕೂ ಕೈ ಹೋಗುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪೆಟ್ರೋಲ್ ಬರುತ್ತಿದೆಯೇ, ಕಿಡಿ ಬರುತ್ತಿದೆಯೇ, ಗಾಳಿ ಹೋಗುತ್ತಿದೆಯೇ, ಇಷ್ಟನ್ನು ಒಂದೊಂದಾಗಿ ನೋಡಿದರೆ ಉತ್ತರ ಸಿಕ್ಕೇ ಸಿಗುತ್ತದೆ.

ನಟ್ಟು ಬೋಲ್ಟುಗಳೂ ಮಿಲಿಮೀಟರಿನವು. ಹತ್ತು-ಹನ್ನೊಂದು, ಹನ್ನೆರಡು-ಹದಿಮೂರು, ಹದಿನಾರು-ಹದಿನೇಳು ಅಂತ ಬರುವ ಪಾನಾಗಳ (ಸ್ಪ್ಯಾನರುಗಳ) ಒಂದು ಸೆಟ್, ಒಂದು ರಿಂಗ್ ಪಾನಾ ಸೆಟ್, ಒಳ್ಳೆಯ ಸ್ಕ್ರೂಡ್ರೈವರ್ ಎರಡು, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಒಂದು ಟೆಸ್ಟ್ ಬಲ್ಬು. ಇಷ್ಟಿದ್ದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಆಗುತ್ತದೆ. ಪಾನಾ ಕೊಳ್ಳುವಾಗ ಮಾತ್ರ ದುಡ್ಡು ಉಳಿಸಬೇಡಿ. ಅಗ್ಗದ ಪಾನಾ ಬೋಲ್ಟಿನ ಮೂಲೆ ತಿನ್ನುತ್ತದೆ. ಮೂಲೆ ಹೋದ ಬೋಲ್ಟ್ ಬಿಚ್ಚಲು ಒಂದಿಡೀ ಭಾನುವಾರ ಬೇಕು.

ಈಗ ನಾನು ನಿಮಗೆ ಹೇಳಲೇಬೇಕು ಅಂದುಕೊಂಡ ಮಾತು. ಹಳೇ ಕಾರು ಬಿಚ್ಚುವವರು ವಯಸ್ಸಿನಿಂದ ಕೆಟ್ಟ ಭಾಗಗಳನ್ನು ಹುಡುಕುತ್ತಾರೆ. ತುಕ್ಕು, ಸವೆತ, ಒಣಗಿದ ರಬ್ಬರ್. ಅವು ಇರುತ್ತವೆ, ಆದರೆ ಅವು ಸುಲಭ, ನೋಡಿದ ಕೂಡಲೇ ಗೊತ್ತಾಗುತ್ತವೆ. ನಿಮ್ಮನ್ನು ನಿಜವಾಗಿ ಕಾಡುವುದು ಬೇರೆ. ಈ ಕಾರನ್ನು ಹಿಂದೆ ಯಾರ್ಯಾರೋ ರಿಪೇರಿ ಮಾಡಿದ್ದಾರಲ್ಲ, ಆ ರಿಪೇರಿಗಳು. ನಡುದಾರಿಯಲ್ಲಿ ಕೆಟ್ಟಾಗ ಹೇಗೋ ಊರು ಮುಟ್ಟಿಸಲು ಮಾಡಿದ ಉಪಾಯಗಳು, ಸ್ಪೇರ್ ಸಿಗದೆ ಹಾಕಿದ ಬೇರೆ ಕಾರಿನ ಭಾಗಗಳು. ಅಂದಿಗೆ ಅವು ಕಾರನ್ನು ಓಡಿಸಿದವು, ಮಾಡಿದವರ ತಪ್ಪಿಲ್ಲ. ಆದರೆ ಯಾರೂ ಅವನ್ನು ಆಮೇಲೆ ಸರಿಮಾಡಲಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನನ್ನ ಹತ್ತಿರ ಒಂದು ಹಳೇ ಫಿಯೆಟ್ ಇತ್ತು. ಊರೊಳಗೆ ಚೆನ್ನಾಗಿ ಓಡುತ್ತಿತ್ತು. ನಿಪ್ಪಾಣಿ ಕಡೆ ಹೊರಟರೆ ವಂಟಮೂರಿ ಘಾಟಿನಲ್ಲಿ ನಿಲ್ಲುತ್ತಿತ್ತು. ಇಪ್ಪತ್ತು ನಿಮಿಷ ನಿಂತರೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಗೊತ್ತಿದ್ದವರೆಲ್ಲ ಒಂದೇ ಮಾತು ಹೇಳಿದರು, ಬಿಸಿಗೆ ಪೆಟ್ರೋಲ್ ಆವಿಯಾಗುತ್ತಿದೆ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಅಂತ. ಅದು ಸುಳ್ಳು ಸಲಹೆಯಲ್ಲ, ವಿಜಯಪುರದ ಬೇಸಿಗೆಯಲ್ಲಿ ನಿಜವಾಗಿಯೂ ಹಾಗೆ ಆಗುತ್ತದೆ. ಬಟ್ಟೆ ಸುತ್ತಿದೆ. ಪಂಪಿನ ಡಯಾಫ್ರಾಮ್, ಅಂದರೆ ಒಳಗಿನ ಪೊರೆ, ಬದಲಿಸಿದೆ. ಕಾರ್ಬೊರೇಟರ್ ಎರಡು ಸಲ ಬಿಚ್ಚಿ ತೊಳೆದೆ. ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಬದಲಿಸಿದೆ. ಆದರೂ ನಿಲ್ಲುತ್ತಿತ್ತು. ಕೊನೆಗೆ ಒಂದು ಸಲ ಘಾಟಿನಲ್ಲಿ ನಿಂತಾಗ, ಟ್ಯಾಂಕಿನಲ್ಲಿ ಎಷ್ಟಿದೆ ನೋಡೋಣ ಅಂತ ಮುಚ್ಚಳ ತಿರುಗಿಸಿದೆ. ಸುಸ್ಸ್ ಅಂತ ಗಾಳಿ ಒಳಗೆ ಹೋಯಿತು. ಮುಚ್ಚಳ ಹಾಕಿ ಸೆಲ್ಫ್ ಹೊಡೆದೆ, ಕೂಡಲೇ ಸ್ಟಾರ್ಟ್ ಆಯಿತು.

ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕಲ್ಲ? ಆ ದಾರಿ ಮುಚ್ಚಿತ್ತು. ಮನೆಗೆ ಬಂದು ಕೆಳಗೆ ಮಲಗಿ ನೋಡಿದರೆ, ಎಂದೋ ತುಕ್ಕು ಹಿಡಿಯಬಾರದು ಅಂತ ಯಾರೋ ಕಾರಿನ ಹೊಟ್ಟೆಗೆಲ್ಲ ಡಾಂಬರಿನಂಥ ಕರಿ ಕೋಟಿಂಗ್ ಹೊಡೆದಿದ್ದರು. ಗಾಳಿಯಾಡುವ ಸಣ್ಣ ಕೊಳವೆಯ ಬಾಯಿಯೂ ಅದರಲ್ಲಿ ಮುಚ್ಚಿಹೋಗಿತ್ತು. ಮುಚ್ಚಳವೂ ಮೂಲದ್ದಲ್ಲ, ಗಾಳಿ ಬಿಡದ ಬೇರೆ ಮುಚ್ಚಳ. ಊರೊಳಗೆ ಸ್ವಲ್ಪ ಸ್ವಲ್ಪ ಓಡಿಸುವಾಗ ತೊಂದರೆ ಇರಲಿಲ್ಲ. ಏರಿನಲ್ಲಿ ಪೆಟ್ರೋಲ್ ಜಾಸ್ತಿ ಬೇಕಾದಾಗ ಪಂಪಿಗೆ ಎಳೆಯಲು ಆಗುತ್ತಿರಲಿಲ್ಲ. ಒಂದು ಗುಂಡುಪಿನ್ನಿನಿಂದ ಆ ಬಾಯಿ ಬಿಡಿಸಿದೆ. ಆರು ತಿಂಗಳ ಕಾಟ ಅಲ್ಲಿಗೆ ಮುಗಿಯಿತು. ಆ ದಿನದ ಖುಷಿ ಇವತ್ತಿಗೂ ನೆನಪಿದೆ. ಕಾರು ಓಡಿತು ಅನ್ನುವುದಕ್ಕಿಂತ ಯಾಕೆ ನಿಲ್ಲುತ್ತಿತ್ತು ಅಂತ ತಿಳಿದದ್ದೇ ಆ ಖುಷಿ. ನಿಮಗೂ ಅಂಥದ್ದೊಂದು ದಿನ ಬರುತ್ತದೆ, ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಗಾಗಿ ನಿಮ್ಮ ಮೊದಲ ಭಾನುವಾರ ಪಾನಾ ಮುಟ್ಟಬೇಡಿ. ಒಂದು ನೋಟ್‌ಬುಕ್ ತಗೊಳ್ಳಿ. ಅಪ್ಪನನ್ನು ಕಾರಿನ ಹತ್ತಿರ ಕುರ್ಚಿ ಹಾಕಿ ಕೂರಿಸಿ. ಒಂದೊಂದೇ ಕೇಳಿ. ಇಂಜಿನ್ ಯಾವಾಗ ಇಳಿಸಿದ್ದಿರಿ? ಎಲ್ಲೆಲ್ಲಿ ಕೈಕೊಟ್ಟಿತ್ತು, ಆಗ ಏನು ಮಾಡಿಸಿದಿರಿ? ರೇಡಿಯೇಟರಿಗೆ ಯಾವ ನೀರು ಹಾಕುತ್ತಿದ್ದಿರಿ? ಕೊನೆಯ ಸಲ ಓಡಿಸಿದಾಗ ಏನು ತೊಂದರೆ ಇತ್ತು, ಯಾಕೆ ನಿಲ್ಲಿಸಿದಿರಿ? ಈ ಕೊನೆಯ ಪ್ರಶ್ನೆ ಮರೆಯಬೇಡಿ. ಸುಮ್ನೆ ನಿಂತ ಕಾರು ಬೇರೆ, ಕೆಟ್ಟು ನಿಂತ ಕಾರು ಬೇರೆ. ಆಮೇಲೆ ಮೊಬೈಲಿನಲ್ಲಿ ಬಾನೆಟ್ಟಿನೊಳಗಿನ ಪ್ರತಿಯೊಂದು ವೈರು, ಪೈಪಿನ ಫೋಟೊ ತೆಗೆದಿಡಿ. ಬಿಚ್ಚುವಾಗ ನೆನಪಿರುತ್ತದೆ ಅನಿಸುತ್ತದೆ. ಮೂರು ವಾರ ಬಿಟ್ಟು ಜೋಡಿಸಲು ಕೂತಾಗ ಇರುವುದಿಲ್ಲ.

ಹಿಂದಿನ ಕೈಗಳ ಗುರುತು ಎಲ್ಲೆಲ್ಲಿ ಹುಡುಕಬೇಕು? ಫ್ಯೂಸ್ ಪೆಟ್ಟಿಗೆಯಲ್ಲಿ ನೋಡಿ. ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿರುವುದನ್ನು ನಾನು ಎಷ್ಟೋ ಕಾರುಗಳಲ್ಲಿ ಕಂಡಿದ್ದೇನೆ. ಆಗ ಫ್ಯೂಸ್ ಸುಡುವುದಿಲ್ಲ, ಅದರ ಬದಲು ವೈರಿಂಗ್ ಸುಡುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಒಂದೇ ಬಣ್ಣದ ಹೊಸ ವೈರು ಕಂಡರೆ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬೆರಳಿಟ್ಟು ಹಿಡಿದು ಹೋಗಿ.

ಆಮೇಲೆ ಥರ್ಮೋಸ್ಟಾಟ್. ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಸಣ್ಣ ವಾಲ್ವು ಅದು. ನಮ್ಮ ಕಡೆ ಕಾರು ಕಾದರೆ ಮೊದಲು ಅದನ್ನು ಕಿತ್ತು ಬಿಸಾಡುತ್ತಿದ್ದರು. 'ನಮ್ಮ ಬಿಸಿಲಿಗೆ ಅದು ಬೇಡ' ಅನ್ನುವುದು ವಾಡಿಕೆ. ಅದು ತಪ್ಪು. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಬಹಳ ಹೊತ್ತು ತಣ್ಣಗೇ ಓಡುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಎಣ್ಣೆ ಕೆಡುತ್ತದೆ, ಬೋರು ಬೇಗ ಸವೆಯುತ್ತದೆ. ಕಾರು ಕಾಯುವ ಕಾರಣ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಬಾಗಲಕೋಟೆಯಲ್ಲಿ ಬೋರ್‌ವೆಲ್ ನೀರು ಗಡಸು, ನಿಮ್ಮ ಮನೆಯ ಗೀಸರಿನ ಕಾಯಿಲ್ ನೋಡಿದ್ದೀರಲ್ಲ? ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಅದೇ ಬಿಳಿ ಸುಣ್ಣ ಕಟ್ಟುತ್ತದೆ. ಮೂವತ್ತು ವರ್ಷ ಆ ನೀರು ಕುಡಿದ ರೇಡಿಯೇಟರ್ ಅರ್ಧ ಮುಚ್ಚಿರುತ್ತದೆ. ಅದನ್ನು ರೇಡಿಯೇಟರ್ ಅಂಗಡಿಗೆ ಕೊಟ್ಟು ತೆರೆದು ಒಳಗೆಲ್ಲ ಸ್ವಚ್ಛ ಮಾಡಿಸಿ. ಇನ್ನು ಮುಂದೆ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ), ಅದರ ಜೊತೆ ಕೂಲಂಟ್ ಮಾತ್ರ ಹಾಕಿ. ನಿಮ್ಮ ಇಂಜಿನ್ನಿನ ಬ್ಲಾಕ್ ಕಬ್ಬಿಣ, ಮೇಲಿನ ಹೆಡ್ ಅಲ್ಯೂಮಿನಿಯಂ. ಎರಡು ಬೇರೆ ಲೋಹಗಳ ನಡುವೆ ಬರೀ ನೀರು ಓಡಾಡಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಇಂಜಿನ್ ಒಮ್ಮೆ ಜೋರಾಗಿ ಕಾದರೆ ಹೆಡ್ ಸೊಟ್ಟಾಗುತ್ತದೆ. ಹಾಗಾಗಿ ಟೆಂಪರೇಚರ್ ಮುಳ್ಳು ಕೆಲಸ ಮಾಡದಿದ್ದರೆ ಅದನ್ನು ಸಣ್ಣ ವಿಷಯ ಅಂತ ಬಿಡಬೇಡಿ.

ಕಾರ್ಬೊರೇಟರಿನ ಜೆಟ್ ಇನ್ನೊಂದು ಜಾಗ. ಜೆಟ್ ಅಂದರೆ ಅಳತೆ ಮಾಡಿ ಕೊರೆದ ತೂತು, ಅದರ ಮೇಲೆ ನಂಬರ್ ಇರುತ್ತದೆ. ಕಸ ಸಿಕ್ಕಿಕೊಂಡಾಗ ತಂತಿ ತೂರಿಸಿ ಬಿಡಿಸಿದರೆ ತೂತು ದೊಡ್ಡದಾಗುತ್ತದೆ. ನಂಬರ್ ಹಳೆಯದೇ, ಪೆಟ್ರೋಲ್ ಮಾತ್ರ ಜಾಸ್ತಿ. ಜೆಟ್ಟನ್ನು ಕಾರ್ಬ್ ಕ್ಲೀನರ್ ಸ್ಪ್ರೇ ಮತ್ತು ಗಾಳಿಯಿಂದ ಮಾತ್ರ ಶುಚಿ ಮಾಡಿ.

ಇನ್ನು ಕೆಲಸದ ಕ್ರಮ. ನನ್ನ ಕ್ರಮ ಯಾವಾಗಲೂ ಒಂದೇ: ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು. ಬ್ರೇಕ್ ಮುಗಿಯುವ ತನಕ ಇಂಜಿನ್ ಸ್ಟಾರ್ಟ್ ಮಾಡುವ ಮಾತೇ ಇಲ್ಲ. ಹುಡುಗರು ಇದನ್ನು ಕೇಳುವುದಿಲ್ಲ. ಇಂಜಿನ್ ಸದ್ದು ಕೇಳುವ ಆಸೆ ಅವರಿಗೆ. ನೀವು ಕೇಳಿ.

ಕಾರಿನ ಕೆಳಗೆ ಹೋಗುವ ಮೊದಲು ಒಂದು ಎಚ್ಚರಿಕೆ. ಜ್ಯಾಕ್ ಕಾರನ್ನು ಎತ್ತಲು ಮಾತ್ರ, ಹಿಡಿದಿಡಲು ಅಲ್ಲ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಕೆಳಗಿನ ಚಕ್ರಗಳಿಗೆ ಅಡ್ಡ ಕಟ್ಟಿಗೆ ಇಟ್ಟು, ಕಾರನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಇಟ್ಟಿಗೆ, ಕಲ್ಲು ಇಡಬೇಡಿ. ಅವು ಸೂಚನೆ ಕೊಡದೆ ಸೀಳುತ್ತವೆ. ಒಬ್ಬರೇ ಇರುವಾಗ ಕೆಳಗೆ ಹೋಗಬೇಡಿ. ಬ್ಯಾಟರಿ ಇದ್ದರೆ ಅದರಿಂದ ಕಾರಿನ ಬಾಡಿಗೆ ಹೋಗುವ ಅರ್ಥ್ ವೈರ್ ಬಿಚ್ಚಿಟ್ಟೇ ಕೆಲಸ ಶುರು ಮಾಡಿ.

ಪದ್ಮಿನಿಗೆ ಡ್ರಮ್ ಬ್ರೇಕು. ಫಿಯೆಟ್ಟಿನ ಮೂಲ ವಿನ್ಯಾಸದಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕ್ ಎಣ್ಣೆಯ ಲೈನು ಒಂದೇ. ಎಲ್ಲಾದರೂ ಒಂದು ಹೋಸ್ ಒಡೆದರೆ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಇಲ್ಲಿ ನೋಡಿ-ಬಿಡುವ ಮಾತಿಲ್ಲ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿನ ಕಿಟ್, ನಾಲ್ಕೂ ಚಕ್ರದ ವೀಲ್ ಸಿಲಿಂಡರ್ ಕಿಟ್, ರಬ್ಬರ್ ಹೋಸುಗಳು, ಎಲ್ಲ ಹೊಸದು ಹಾಕಿ. ಸಿಲಿಂಡರಿನ ಒಳಗೆ ತುಕ್ಕಿನ ಗುಳಿ ಬಿದ್ದಿದ್ದರೆ ಕಿಟ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರೇ ಬದಲಿಸಿ. ಡ್ರಮ್ ತೆಗೆದಾಗ ಒಳಗಿನ ಪುಡಿಯನ್ನು ಊದಬೇಡಿ, ಗಾಳಿ ಹೊಡೆಯಬೇಡಿ. ಹಳೇ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬ್ರೇಕ್ ಎಣ್ಣೆ ಡಾಟ್ 3 ಅಥವಾ ಡಾಟ್ 4 ಹಾಕಬಹುದು. ಹಿಂದೆ ಯಾರಾದರೂ ಅವಸರಕ್ಕೆ ಇಂಜಿನ್ ಆಯಿಲ್ ಸುರಿದಿದ್ದರೆ ಒಳಗಿನ ರಬ್ಬರೆಲ್ಲ ಉಬ್ಬಿ ಮೆತ್ತಗಾಗಿರುತ್ತದೆ. ಹಾಗಿದ್ದರೆ ಪೂರ್ತಿ ಲೈನ್ ತೊಳೆಯಬೇಕು.

ಕೊನೆಗೆ ಲೈನಿನ ಗಾಳಿ ತೆಗೆಯಬೇಕು. ಇದಕ್ಕೆ ಇಬ್ಬರು ಬೇಕು. ಅಪ್ಪನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ. ನೀವು ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ. 'ಒತ್ತಿ ಹಿಡಿಯಿರಿ' ಅಂದಾಗ ಅವರು ಒತ್ತಿ ಹಿಡಿಯಬೇಕು, ನೀವು ಆ ಚಕ್ರದ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ ಗುಳ್ಳೆ ಬಿಟ್ಟು ಮತ್ತೆ ಬಿಗಿ ಮಾಡಬೇಕು, ಆಮೇಲೆ ಅವರು ಕಾಲು ಬಿಡಬೇಕು. ಕಣ್ಣು ಮಂಜಾದರೇನಂತೆ? ಪೆಡಲ್ ಗಟ್ಟಿಯಾಯಿತೋ ಇಲ್ಲವೋ ಅನ್ನುವುದು ಅಷ್ಟು ವರ್ಷ ಒತ್ತಿದ ಆ ಕಾಲಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಮುಗಿದ ಮೇಲೆ ಒಬ್ಬ ಅನುಭವಿ ಮಿಸ್ತ್ರಿಯನ್ನು ಕರೆಸಿ ಎಲ್ಲ ಒಮ್ಮೆ ನೋಡಿಸಿ. ಬ್ರೇಕಿನ ಕೆಲಸವನ್ನು ಇನ್ನೊಂದು ಕಣ್ಣು ನೋಡಲೇಬೇಕು, ನಾನು ಮಾಡಿದರೂ ಅಷ್ಟೇ.

ಈಗ ಇಂಜಿನ್. ನಾಲ್ಕೂ ಪ್ಲಗ್ ಬಿಚ್ಚಿ. ಪ್ಲಗ್ಗಿನ ಬಣ್ಣ ನೋಡಿ ಬರೆದಿಡಿ. ಪ್ರತಿ ತೂತಿಗೆ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಬಿಡಿ. ಆಮೇಲೆ ಟಾಪ್ ಗೇರಿನಲ್ಲಿಟ್ಟು ಇಬ್ಬರು ಸೇರಿ ಕಾರನ್ನು ಮೆಲ್ಲಗೆ ಹಿಂದೆ ಮುಂದೆ ನೂಕಿ. ಫ್ಯಾನ್ ತಿರುಗಿದರೆ ಇಂಜಿನ್ ಬಿಡುಗಡೆ ಇದೆ ಅಂತ ಅರ್ಥ. ತಿರುಗದಿದ್ದರೆ ಜೋರು ಮಾಡಬೇಡಿ, ಮತ್ತೆ ಆಯಿಲ್ ಬಿಟ್ಟು ಒಂದು ವಾರ ಕಾಯಿರಿ. ತಿರುಗಿತು ಅಂದರೆ ಹಳೇ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಹೊಸದು ತುಂಬಿ. ಪ್ಲಗ್ ಇಲ್ಲದೆಯೇ, ಪೆಟ್ರೋಲ್ ಇಲ್ಲದೆಯೇ, ಕಾಯಿಲ್ಲಿನ ವೈರ್ ಬಿಚ್ಚಿಟ್ಟು ಸೆಲ್ಫ್ ಹೊಡೆದು, ಆಯಿಲ್ ಪ್ರೆಶರ್ ದೀಪ ಆರುವ ತನಕ ಸ್ವಲ್ಪ ಸ್ವಲ್ಪ ತಿರುಗಿಸಿ. ಹೊಸ ಬ್ಯಾಟರಿ ಈಗ ಬೇಕು, ಮೊದಲಲ್ಲ.

ಕಿಡಿ ಬರದಿದ್ದರೆ ಗಾಬರಿ ಬೇಡ, ಮೊದಲ ಸಲ ಬರುವುದೇ ಇಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಪಾಯಿಂಟ್ ಕಾಣುತ್ತದೆ. ಎರಡು ಸಣ್ಣ ಲೋಹದ ಬಿಂದುಗಳು ಕೂಡಿ ಬಿಡುವ ಜಾಗ. ಎಂಟು ವರ್ಷದಲ್ಲಿ ಅವುಗಳ ಮೇಲೆ ಕಿಲುಬು ಕಟ್ಟಿರುತ್ತದೆ. ಸಣ್ಣ ಎಮರಿ ಕಾಗದದಿಂದ ಎರಡು ಸಲ ಉಜ್ಜಿ, ಬಟ್ಟೆಯಿಂದ ಒರೆಸಿ. ಪೂರ್ತಿ ತೆರೆದಾಗ ನಡುವೆ ಸುಮಾರು 0.4 ಮಿಲಿಮೀಟರ್ ಜಾಗ ಇರಬೇಕು, ಫೀಲರ್ ಗೇಜ್ ಇರುವುದು ಇದಕ್ಕೇ. ಪ್ಲಗ್ಗಿನ ಗ್ಯಾಪ್ ಸುಮಾರು 0.6. ಕಿಡಿ ಹಳದಿಯಾಗಿ ಸೊರಗಿದ್ದರೆ ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್ ಬದಲಿಸಿ. ಪ್ಲಗ್ಗಿಗೆ ವೈರ್ ಹಾಕುವ ಕ್ರಮ, ಅಂದರೆ ಸಿಲಿಂಡರುಗಳಿಗೆ ಕಿಡಿ ಹೋಗುವ ಕ್ರಮ, 1-3-4-2.

ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ರಬ್ಬರ್ ಹಿಡಿಯ ಇಕ್ಕಳದಿಂದ ಇಂಜಿನ್ನಿನ ಬರೀ ಲೋಹಕ್ಕೆ ತಾಗಿಸಿ ಹಿಡಿಯಿರಿ, ಸುತ್ತ ಪೆಟ್ರೋಲ್ ಇರಬಾರದು. ಯಾರಾದರೂ ಸೆಲ್ಫ್ ಹೊಡೆದಾಗ ಆ ತುದಿಯಲ್ಲಿ ನೀಲಿ ಕಿಡಿ ಟಕ್ ಟಕ್ ಅಂತ ಹಾರುತ್ತದೆ. ಸತ್ತಿದೆ ಅಂದುಕೊಂಡ ವಸ್ತುವಿನಲ್ಲಿ ಒಂದು ಚೂರು ಎಮರಿ ಕಾಗದದಿಂದ ಜೀವ ಬಂದದ್ದು ನೋಡಿದಾಗ ಏನನಿಸುತ್ತದೆ ಅಂತ ನಾನು ಬರೆದು ತಿಳಿಸಲಾರೆ. ನೂರಾರು ಸಲ ನೋಡಿದ್ದೇನೆ, ಇನ್ನೂ ಸಾಕಾಗಿಲ್ಲ.

ಪೆಟ್ರೋಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದು ನಿಮ್ಮ ಅಪ್ಪನ ಕಾಲದಲ್ಲಿ ಇರಲಿಲ್ಲ. 2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥೆನಾಲ್ ಬಂದಿದೆ. ನಿಮ್ಮ ಮುಧೋಳ, ನಮ್ಮ ಅಥಣಿ ಕಡೆಯ ಕಬ್ಬು ಸಕ್ಕರೆಯಷ್ಟೇ ಅಲ್ಲ, ಎಥೆನಾಲ್ ಕೂಡ ಆಗುತ್ತಿದೆ. ರೈತರಿಗೆ ಒಳ್ಳೆಯದು, ಬೇಡ ಅನ್ನುತ್ತಿಲ್ಲ. ಆದರೆ 1986ರ ರಬ್ಬರಿಗೆ ಅದು ಒಗ್ಗುವುದಿಲ್ಲ. ಹಳೇ ಪೆಟ್ರೋಲ್ ಪೈಪ್ ಒಳಗಿನಿಂದ ಮೆತ್ತಗಾಗಿ ಚೂರಾಗುತ್ತದೆ, ಪಂಪಿನ ಡಯಾಫ್ರಾಮ್ ಗಡುಸಾಗಿ ಬಿರಿಯುತ್ತದೆ. ಅದಲ್ಲದೆ ಎಥೆನಾಲ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ಬಹಳ ದಿನ ನಿಂತರೆ ನೀರು ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. ನಮ್ಮ ಬೆಳಗಾವಿಯ ಮಳೆಗಾಲದಲ್ಲಿ ಇದು ಇನ್ನೂ ಜಾಸ್ತಿ.

ಹಾಗಾಗಿ ಟ್ಯಾಂಕ್ ಇಳಿಸಿ ತೊಳೆಸಿ. ಟ್ಯಾಂಕಿನಿಂದ ಕಾರ್ಬೊರೇಟರಿನವರೆಗೆ ಎಲ್ಲೆಲ್ಲಿ ರಬ್ಬರ್ ಪೈಪಿದೆಯೋ ಅಲ್ಲೆಲ್ಲ ಎಥೆನಾಲ್ ತಡೆಯುವ ಹೊಸ ಪೈಪ್ ಹಾಕಿ, ಅಂಗಡಿಯಲ್ಲಿ ಹಾಗೇ ಹೇಳಿ ಕೇಳಿ. ನಡುವೆ ಒಂದು ಪಾರದರ್ಶಕ ಫಿಲ್ಟರ್ ಹಾಕಿ, ಕಸ ಬಂದರೆ ಕಣ್ಣಿಗೆ ಕಾಣುತ್ತದೆ. ಎಥೆನಾಲ್ ಸೇರಿದಾಗ ಮಿಶ್ರಣ ಸ್ವಲ್ಪ ತೆಳ್ಳಗಾಗುತ್ತದೆ, ಅಂದರೆ ಗಾಳಿಯ ಪಾಲು ಜಾಸ್ತಿಯಾಗುತ್ತದೆ. ಗಾಡಿ ಎಳೆಯುವಾಗ ತಡವರಿಸಿದರೆ ಕಾರ್ಬೊರೇಟರ್ ಬಲ್ಲವರ ಹತ್ತಿರ ಒಂದು ನಂಬರ್ ದೊಡ್ಡ ಜೆಟ್ ಹಾಕಿಸಿ ನೋಡಬಹುದು. ವಾರಕ್ಕೊಮ್ಮೆಯಾದರೂ ಓಡಿಸಿ, ತಿಂಗಳುಗಟ್ಟಲೆ ಹಳೇ ಪೆಟ್ರೋಲ್ ಬಿಡಬೇಡಿ. ಒಂದು ಬೆಂಕಿ ನಂದಿಸುವ ಸಿಲಿಂಡರ್ ಕೊಂಡು ಶೆಡ್ಡಿನಲ್ಲಿ ಕೈಗೆ ಸಿಗುವ ಹಾಗೆ ನೇತುಹಾಕಿ.

ಯಾವ ಕೆಲಸ ನೀವು ಮಾಡಬಾರದು? ಪತ್ರಾ (ತಗಡಿನ) ಕೆಲಸ, ವೆಲ್ಡಿಂಗ್, ಬಣ್ಣ. ಈ ಕಾರಿಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಎಲ್ಲ ಭಾರ ಹೊರುತ್ತದೆ. ಕಾರ್ಪೆಟ್ ಎತ್ತಿ ನೆಲದ ತಗಡನ್ನು, ಬಾಗಿಲ ಕೆಳಗಿನ ಅಂಚನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಠಣ್ ಅಂದರೆ ಒಳ್ಳೆಯದು, ದಬ್ ಅಂದರೆ ಒಳಗೆ ತುಕ್ಕೋ ಪುಟ್ಟಿಯೋ ಇದೆ. ನಿಮ್ಮ ಬಾಗಲಕೋಟೆ ಒಣ ಊರು, ಶೆಡ್ಡಿನೊಳಗೆ ನಿಂತಿದೆ, ನನಗೆ ಭರವಸೆ ಇದೆ. ನೆಲವೇ ತಿಂದುಹೋಗಿದ್ದರೆ ಖರ್ಚು ಕಾರಿನ ಬೆಲೆಯನ್ನೂ ಮೀರಬಹುದು, ಆಗ ಮನೆಯಲ್ಲಿ ಕೂತು ಯೋಚಿಸಿ. ಬೋರಿಂಗ್ (ಸಿಲಿಂಡರಿನ ಒಳಗೋಡೆ ಕೊರೆಯುವುದು), ಹೆಡ್ ಫೇಸಿಂಗ್ (ಹೆಡ್ಡಿನ ಮೇಲ್ಮೈ ಸಮ ಮಾಡುವುದು), ಡ್ರಮ್ ಸ್ಕಿಮ್ಮಿಂಗ್ (ಡ್ರಮ್ಮಿನ ಒಳಮೈ ತೆಳ್ಳಗೆ ಹೆರೆಯುವುದು) ಲೇತಿನವರ ಕೆಲಸ. ಆ ಕೈ ನಿಮ್ಮಲ್ಲಿ ಸಿಗದಿದ್ದರೆ ಬೆಳಗಾವಿಯ ಉದ್ಯಮಬಾಗಕ್ಕೆ ತನ್ನಿ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟ ಊರು ಇದು, ಅವರು ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಫೌಂಡ್ರಿ, ಲೇತಿನ ಕೆಲಸ ಬಲ್ಲವರಿಗೆ ಇಲ್ಲಿ ಇವತ್ತಿಗೂ ಕೊರತೆಯಿಲ್ಲ.

ಸ್ಪೇರುಗಳ ಬಗ್ಗೆ: ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳೆಲ್ಲ ಪದ್ಮಿನಿ ಆಗಿದ್ದ ಕಾಲದಲ್ಲಿ ಸ್ಪೇರಿಗೆ ಬರ ಇರಲಿಲ್ಲ. ಕೊನೆಯ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಬೇಡಿಕೆ ಇಲ್ಲದ ಮೇಲೆ ಅಂಗಡಿಯವರು ಯಾಕೆ ಇಡುತ್ತಾರೆ? ಬ್ರೇಕ್ ಕಿಟ್, ಪಾಯಿಂಟ್, ಗ್ಯಾಸ್ಕೆಟ್, ಪಂಪ್ ಕಿಟ್ ಸಿಕ್ಕಾಗ ಎರಡೆರಡು ತೆಗೆದಿಡಿ. ಮುಂಬೈಯ ಕುರ್ಲಾ, ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ವಿಚಾರಿಸಿ. ಹಳೇ ಭಾಗವನ್ನು ಹೊಸದು ಕೂತು ಕೆಲಸ ಮಾಡುವ ತನಕ ಎಸೆಯಬೇಡಿ. ಎಷ್ಟೋ ಸಲ ಹಳೆಯದೇ ಒಳ್ಳೆಯದಿರುತ್ತದೆ.

ಕಾಗದಪತ್ರವನ್ನೂ ಈಗಲೇ ನೋಡಿಬಿಡಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಿಮ್ಮದು ಮುಗಿದಿರಬಹುದು. ಹಳೇ ಗಾಡಿಗಳ ಶುಲ್ಕ ಏರಿದೆ, ಆರ್‌ಟಿಒದಲ್ಲಿ ಕೇಳಿಕೊಳ್ಳಿ. ವಿಂಟೇಜ್ ನೋಂದಣಿ 50 ವರ್ಷ ದಾಟಿದ ಗಾಡಿಗೆ ಮಾತ್ರ, ನಿಮ್ಮದಕ್ಕೆ ಇನ್ನೂ ಹೊತ್ತಿದೆ. ಆರ್‌ಸಿಯಲ್ಲಿರುವ ಇಂಜಿನ್ ನಂಬರೂ ಬ್ಲಾಕಿನ ಮೇಲಿರುವ ನಂಬರೂ ಒಂದೇ ಇದೆಯೇ ಅಂತ ಕೆಲಸ ಶುರುವಾಗುವ ಮೊದಲೇ ಹೊಂದಿಸಿ ನೋಡಿ. ಹಿಂದಿನ ಕೈಗಳು ಮಾಡಿದ ಬದಲಾವಣೆಗಳಲ್ಲಿ ಇದೂ ಒಂದಾಗಿರಬಹುದು.

ಈ ಸಲದ ಖಂಡೆ ಪೂಜೆಯೊಳಗೆ ಮುಗಿಸಬೇಕು ಅಂತ ದಿನ ಗೊತ್ತು ಮಾಡಿಕೊಳ್ಳಬೇಡಿ. ಭಾನುವಾರ ಮಾತ್ರ ಅಂದರೆ ಎಂಟು ತಿಂಗಳು, ಒಂದು ವರ್ಷ ಹಿಡಿಯಲಿ. ಒಂದು ಬೋಲ್ಟ್ ಬಿಡದಿದ್ದರೆ ಎಣ್ಣೆ ಬಿಟ್ಟು ಆ ದಿನಕ್ಕೆ ಬೇರೆ ಕೆಲಸ ಹಿಡಿಯಿರಿ. ಸಿಟ್ಟು ಬಂದಾಗ ಪಾನಾ ಕೆಳಗಿಟ್ಟು ಚಹಾ ಕುಡಿಯಿರಿ. ಮುರಿದ ಬೋಲ್ಟುಗಳೆಲ್ಲ ಸಿಟ್ಟಿನಲ್ಲಿ ಮುರಿದವೇ.

ಕಾಗದಪತ್ರ ಸರಿಯಾದ ಮೇಲೆ ಮೊದಲ ಓಟಕ್ಕೆ ನವನಗರದ ರಸ್ತೆಗಳು ಚೆನ್ನಾಗಿವೆ, ಅಗಲವಾಗಿವೆ, ಬೆಳಗಿನ ಜಾವ ಖಾಲಿ ಇರುತ್ತವೆ. ಟೈರ್ ಹೊಸವಿರಲಿ, ಎಂಟು ವರ್ಷ ಒಂದೇ ಕಡೆ ನಿಂತವನ್ನು ನಂಬಬೇಡಿ. ಮೊದಲ ನೂರು ಮೀಟರಿನಲ್ಲಿ ನಾಲ್ಕು ಸಲ ಬ್ರೇಕ್ ಹಿಡಿಯಿರಿ, ಗಾಡಿ ಒಂದು ಕಡೆ ಎಳೆಯುತ್ತದೆಯೇ ನೋಡಿ. ಸ್ಟೀರಿಂಗಿನ ಪಕ್ಕದ ಗೇರ್ ನಿಮಗೆ ಹೊಸದು, ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಡಲಿ. ಐದು ಕಿಲೋಮೀಟರಿಗೆ ನಿಲ್ಲಿಸಿ ಕೆಳಗೆ ಬಗ್ಗಿ ಎಲ್ಲಾದರೂ ಎಣ್ಣೆ ತೊಟ್ಟಿಕ್ಕುತ್ತಿದೆಯೇ ನೋಡಿ, ನಾಲ್ಕೂ ಡ್ರಮ್ಮಿನ ಹತ್ತಿರ ಕೈ ಒಯ್ದು ಯಾವುದಾದರೂ ಜಾಸ್ತಿ ಕಾದಿದೆಯೇ ನೋಡಿ. ಮನೆಗೆ ಬಂದ ಮೇಲೆ ಚಕ್ರದ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.